ಡಬಲ್ ಸ್ಟ್ಯಾಂಡ್

ಮಶೂದನ ಬೈಕನ್ನು ಹನ್ನೊಂದು ತಿಂಗಳು ನೋಡಿಕೊಂಡದ್ದು ನಾನು. ಅವನು ಸೌದಿಯ ದಮ್ಮಾಮಿನಲ್ಲಿ, ಬೈಕು ಇಚಿಲಂಪಾಡಿಯ ಅವನ ಮನೆಯ ಶೆಡ್ಡಿನಲ್ಲಿ, ಅದರ ಕೀ ಕಡಬದಲ್ಲಿ ನನ್ನ ಗ್ಯಾರೇಜಿನ ಮೊಳೆಯಲ್ಲಿ. ಪ್ರತಿ ಶುಕ್ರವಾರ ಜುಮಾ ನಮಾಜು ಮುಗಿಸಿ ಹೋಗುತ್ತಿದ್ದೆ. ಟಾರ್ಪಾಲು ಸರಿಸಿ, ಸೀಟು ಒರೆಸಿ, ಇಂಜಿನ್ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡುವುದು. ಚೈನಿಗೆ ಎಣ್ಣೆ ಕೊಡುವುದು. ಟಯರು ಒಂದೇ ಕಡೆ ಚಪ್ಪಟೆಯಾಗದ ಹಾಗೆ ಗಾಡಿಯನ್ನು ಒಂದು ಗೇಣು ಮುಂದಕ್ಕೋ ಹಿಂದಕ್ಕೋ ದೂಡಿ ಇಡುವುದು. ಇನ್ನೂರ ನಲವತ್ತು ಕಿಲೋ ತೂಗುವ ಗಾಡಿ. ಕಳೆದ ರಜೆಯಲ್ಲಿ ತೆಗೆದು, ಹನ್ನೆರಡು ದಿನ ಓಡಿಸಿ, ಅವನು ವಿಮಾನ ಹತ್ತಿದ್ದ.

ಅವನ ಉಮ್ಮ ಐಸಮ್ಮ ಚಾ ತಂದುಕೊಟ್ಟು, "ಇದು ಅವನದ್ದಾ ನಿನ್ನದ್ದಾ ಅಂತ ನನಗೇ ಗೊತ್ತಾಗುದಿಲ್ಲ ಮೋನೆ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಅವನದ್ದು ಎಂದು ಬಾಯಿಬಿಟ್ಟು ಹೇಳಿದ ನೆನಪಿಲ್ಲ. ತಿಂಗಳಿಗೊಮ್ಮೆ ಬ್ಯಾಟರಿಗೆ ಒಳ್ಳೆಯದು ಎಂಬ ನೆಪದಲ್ಲಿ ನೆಟ್ಟಣದ ರೈಲ್ವೆ ಸ್ಟೇಶನ್ ತನಕ ಹೋಗಿ ಬರುತ್ತಿದ್ದೆ. ಸ್ಟೇಶನಿನ ಎದುರು ನಿಲ್ಲಿಸಿದರೆ ಆಟೋದವರು ಬಂದು ಸುತ್ತ ನಿಲ್ಲುತ್ತಿದ್ದರು. ಯಾರದ್ದು ಎಂದು ಯಾರೂ ಕೇಳುತ್ತಿರಲಿಲ್ಲ. ನಾನೂ ಹೇಳುತ್ತಿರಲಿಲ್ಲ.

ನಮ್ಮಲ್ಲಿ ಬೈಕಿನ ವಿಷಯದಲ್ಲಿ ಡಬಲ್ ಎಂಬ ಶಬ್ದಕ್ಕೆ ಎರಡು ಅರ್ಥ. ಒಂದು ಗಾಡಿಯಲ್ಲಿ ಇಬ್ಬರು ಹೋದರೆ ಡಬಲ್. ಗಾಡಿಯ ಹೊಟ್ಟೆಯಡಿ ಇರುವ ಎರಡು ಕಾಲಿನ ಸ್ಟ್ಯಾಂಡಿಗೂ ಡಬಲ್ ಎಂದೇ ಹೇಳುವುದು. ಮಶೂದನ ಗಾಡಿಗೆ ಕಂಪೆನಿಯವರು ಅದನ್ನು ಕೊಟ್ಟಿರಲಿಲ್ಲ. ಬೇಕಾದವರು ಹೊರಗಿನಿಂದ ತರಿಸಿ ಹಾಕಿಸಿಕೊಳ್ಳಬೇಕು. "ಸೈಡ್ ಸ್ಟ್ಯಾಂಡಲ್ಲಿ ನಿಂತು ನಿಂತು ಟಯರ್ ಹೋಗ್ತದೆ, ಒಂದು ಡಬಲ್ ಹಾಕಿಸು" ಎಂದು ಎಪ್ರಿಲಿನಲ್ಲಿ ಅವನಿಗೆ ಹೇಳಿದವನು ನಾನೇ. ಹೇಳಿ ಮರೆತೆ.

ಆಗಸ್ಟಿನಲ್ಲಿ ಮನೆಯ ಕಪಾಟಿನಲ್ಲಿ ಒಂದು ಹಳೆಯ ಫೋಟೋ ಸಿಕ್ಕಿತು. ನಮಗೆ ಹತ್ತೊಂಬತ್ತು ವರ್ಷ. ಅವನ ಬಾಪನ ಹಳೆಯ ಬೈಕಿನಲ್ಲಿ ಇಬ್ಬರೂ ಕೂತಿದ್ದೇವೆ, ಅವನು ಮುಂದೆ, ನಾನು ಹಿಂದೆ. ಹಿಂಬದಿಯಲ್ಲಿ ಪೆನ್ನಿನಲ್ಲಿ "ಮುಂದಿನ ವರ್ಷ ಕಾಶ್ಮೀರ" ಎಂದು ಅವನ ಅಕ್ಷರ. ಆ ಮುಂದಿನ ವರ್ಷ ಅವನು ಗಲ್ಫಿಗೆ ಹೋದ, ನಾನು ಗ್ಯಾರೇಜು ಹಾಕಿದೆ. ಫೋಟೋದ ಎರಡೂ ಬದಿಯನ್ನು ಫೋನಿನಲ್ಲಿ ತೆಗೆದು ಅವನಿಗೆ ಕಳಿಸಿದೆ. ಸೆಪ್ಟೆಂಬರಿನಲ್ಲಿ ರಜೆಗೆ ಬಂದು ಇದೇ ಬೈಕಿನಲ್ಲಿ ಹಿಮಾಚಲದ ಸ್ಪಿತಿಗೆ ಹೋಗುವವನಿದ್ದಾನೆ ಎಂಬುದು ನನಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಅವನ ಮೆಸೇಜು ಬಂತು. "ಈ ಸಲ ಡಬಲ್ ಗ್ಯಾರಂಟಿ ಮಾರಾಯ. ರೆಡಿ ಇರು."

ದಿನಕ್ಕೆ ಹತ್ತು ಸಲ ಡಬಲ್ ಸ್ಟ್ಯಾಂಡ್ ಎಂದು ಕೇಳುವ ಮೆಕ್ಯಾನಿಕ್ ನಾನು. ಆದರೂ ನನಗೆ ಆ ಅರ್ಥ ಹೊಳೆಯಲಿಲ್ಲ. ಹೆಂಡತಿ ಫೌಝಿಯಾಳಿಗೆ ಹೇಳಿದೆ. ಎದುರಿನ ಹೋಟೆಲಿನ ಧರ್ಮಪಾಲನಿಗೂ ಹೇಳಿದೆ, ಅಂದರೆ ಕಡಬ ಪೇಟೆಗೆಲ್ಲ ಹೇಳಿದ ಹಾಗೆ. ಪುತ್ತೂರಿಗೆ ಹೋಗಿ ಒಂದು ರೈಡಿಂಗ್ ಜಾಕೆಟ್ ತಂದೆ. ಕಪ್ಪು ಬಣ್ಣ, ಮೊಣಕೈಗೆ ಗಟ್ಟಿ ಪ್ಯಾಡ್, ಬೆನ್ನಿನಲ್ಲಿ ಹಳದಿ ಪಟ್ಟಿ. ಸೆಪ್ಟೆಂಬರಿನ ಕೊನೆಗೆ ಯಾರ ಇಂಜಿನ್ ಕೆಲಸವನ್ನೂ ಹಿಡಿಯಲಿಲ್ಲ.

"ಇಪ್ಪತ್ತು ದಿನ ಹಿಂದೆ ಕೂತು ಹೋಗ್ಲಿಕ್ಕೆ ನಿಮ್ಮ ಸೊಂಟ ಉಂಟಾ?" ಎಂದಳು ಫೌಝಿಯಾ.

"ಅರ್ಧ ದಾರಿ ಗಾಡಿ ನಾನೇ ಬಿಡುದು."

"ಹಾಗಂತ ಅವರು ಹೇಳಿದ್ದಾ, ನೀವು ಹೇಳುದಾ?"

ನಾನು ಜಾಕೆಟ್ಟಿನ ಜಿಪ್ ಎಳೆದು ನೋಡುತ್ತಿದ್ದೆ.

ಮಶೂದ್ ಊರಿಗೆ ಬಂದ ದಿನವೇ ಗ್ಯಾರೇಜಿಗೆ ಬಂದು ಕೀ ತೆಗೆದುಕೊಂಡು ಹೋದ. ಜೀಪು ಕಾಯುತ್ತಿತ್ತು, ನಿಂತು ಮಾತಾಡಲಿಲ್ಲ. ಮರುದಿನ ಮಂಗಳವಾರ, ಹತ್ತು ಗಂಟೆಯ ಹೊತ್ತಿಗೆ ನನ್ನ ಗ್ಯಾರೇಜಿನ ಎದುರು ಎರಡು ಬೈಕು ಬಂದು ನಿಂತವು. ಒಂದು ನಾನು ನೋಡಿಕೊಂಡ ಗಾಡಿ. ಇನ್ನೊಂದು ಅದೇ ಕಂಪೆನಿಯದ್ದು, ಎರಡೂ ಬದಿ ಅಲ್ಯೂಮಿನಿಯಂ ಪೆಟ್ಟಿಗೆ ಕಟ್ಟಿದ್ದು.

ಮಶೂದ್ ಹಿಂದಿನ ಸೀಟಿಗೆ ಕಟ್ಟಿದ್ದ ಉದ್ದದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ನನ್ನ ಬೆಂಚಿನ ಮೇಲೆ ಇಟ್ಟ.

"ಡಬಲ್ ಬಂತು ನೋಡು. ಹೇಳಿದ್ದೆನಲ್ಲ, ಈ ಸಲ ಗ್ಯಾರಂಟಿ ಅಂತ. ರೆಡಿ ಇದ್ದಿಯಲ್ಲ?"

ಪೆಟ್ಟಿಗೆಯ ಬಾಯಿಯಿಂದ ಎರಡು ಕಪ್ಪು ಕಬ್ಬಿಣದ ಕಾಲುಗಳು ಹೊರಗೆ ಬಂದಿದ್ದವು. ನಾನು ಆ ಕಾಲುಗಳನ್ನೇ ನೋಡಿದೆ.

"ರೆಡಿ" ಎಂದೆ.

ಇನ್ನೊಬ್ಬ ಹೆಲ್ಮೆಟ್ ತೆಗೆದ. ಹೆಸರು ವಿಷ್ಣುಪ್ರಸಾದ್, ಪುತ್ತೂರಿನ ಹತ್ತಿರ ಅಡಿಕೆ, ತೆಂಗು ಇರುವವರ ಮಗ. ಫೋನಿನಲ್ಲಿ ಈ ಗಾಡಿ ಇರುವವರ ಒಂದು ಗುಂಪು ಉಂಟಂತೆ, ಅದರಲ್ಲಿ ಪರಿಚಯ. "ಒಂದು ವರ್ಷದಿಂದ ಪ್ಲಾನ್ ನಮ್ಮದು. ಗುರುವಾರ ಬೆಳಿಗ್ಗೆ ಹೊರಡುದು" ಎಂದ ಮಶೂದ್. ಆ ಒಂದು ವರ್ಷ ನಾನು ಚೈನಿಗೆ ಎಣ್ಣೆ ಕೊಡುತ್ತಿದ್ದೆ.

"ನಿಮ್ಮ ಬಗ್ಗೆ ತುಂಬ ಹೇಳಿದ್ದಾರೆ ಹಕೀಮಣ್ಣ" ಎಂದ ವಿಷ್ಣುಪ್ರಸಾದ್. ಒಳ್ಳೆಯ ಮನುಷ್ಯ. ಕೈ ಮುಂದೆ ಚಾಚಿದ. ನನ್ನ ಕೈಯಲ್ಲಿ ಗ್ರೀಸ್ ಇದ್ದರೂ ಹಿಡಿದ. ಅವನು ಜಂಬದವನಾಗಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು.

ಗೋಡೆಯ ಮೊಳೆಯಲ್ಲಿ ನನ್ನ ಜಾಕೆಟ್ಟು ನೇತಾಡುತ್ತಿತ್ತು. ಮಶೂದನ ಕಣ್ಣು ಬಿತ್ತು.

"ಯಾರದ್ದು ಮಾರಾಯ ಇದು, ಹೊಸತು?"

"ಗಿರಾಕಿದ್ದು. ಇಟ್ಟು ಹೋಗಿದ್ದಾರೆ."

ಕೆಲಸ ಶುರು ಮಾಡಿದೆ. ಸೈಡ್ ಸ್ಟ್ಯಾಂಡಿನ ಅಡಿಗೆ ಒಂದು ಹಲಗೆ ತುಂಡು ಕೊಟ್ಟು ಗಾಡಿಯನ್ನು ಸ್ವಲ್ಪ ನೆಟ್ಟಗೆ ಮಾಡಿದೆ. ಉರುಳದ ಹಾಗೆ ಮುಂದಿನ ಬ್ರೇಕನ್ನು ಟ್ಯೂಬಿನ ಪಟ್ಟಿಯಲ್ಲಿ ಬಿಗಿದೆ. ನೆಲದಲ್ಲಿ ಅಂಗಾತ ಮಲಗಿ, ಫ್ರೇಮಿನ ಎರಡೂ ಬದಿಗೆ ಪಟ್ಟಿ ಕೂರಿಸಿ, ಸ್ಟ್ಯಾಂಡು ತಿರುಗುವ ಬೋಲ್ಟಿಗೆ ಗ್ರೀಸ್ ಹಚ್ಚಿ ಏರಿಸಿದೆ. ಗಾಡಿಯ ಅಡಿಭಾಗ ಮಶೂದನಿಗಿಂತ ನನಗೆ ಹೆಚ್ಚು ಗೊತ್ತು. ಸೈಲೆನ್ಸರಿನ ಅಡಿಯ ಸಣ್ಣ ಗೀರು ಕೂಡ ಗೊತ್ತು, ನೆಟ್ಟಣದಲ್ಲಿ ಆದದ್ದು, ನಾನು ಮಾಡಿದ್ದು.

ಇಬ್ಬರೂ ನನ್ನ ತಲೆಯ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಮಾತಾಡುತ್ತಿದ್ದರು. ಯಾವ ಊರಲ್ಲಿ ಉಳಿಯುವುದು, ಎಲ್ಲಿ ಪೆಟ್ರೋಲ್ ಸಿಗುವುದಿಲ್ಲ, ಯಾರು ಗೊರಕೆ ಹೊಡೆಯುವುದು.

"ಇವ ಗೊರಕೆ ಹೊಡಿತಾನೆ" ಎಂದೆ ನಾನು ಅಡಿಯಿಂದ.

"ಗೊತ್ತುಂಟು" ಎಂದ ವಿಷ್ಣುಪ್ರಸಾದ್. "ನಿನ್ನೆ ನಮ್ಮ ಮನೆಯಲ್ಲೇ ಇದ್ರಲ್ಲ."

ಬಂದ ದಿನ ರಾತ್ರಿ. ಇಚಿಲಂಪಾಡಿಯಲ್ಲಿ ಉಮ್ಮನ ಹತ್ತಿರ ಕೂಡ ಅಲ್ಲ. ನಾನು ಸ್ಪಾನರನ್ನು ಬೇಕಾದ್ದಕ್ಕಿಂತ ಜೋರಾಗಿ ತಿರುಗಿಸಿದೆ.

ಕಷ್ಟದ ಕೆಲಸ ಸ್ಪ್ರಿಂಗು. ಸ್ಟ್ಯಾಂಡನ್ನು ಮೇಲೆ ಎಳೆದು ಹಿಡಿಯುವ ಸ್ಪ್ರಿಂಗು ಹೆಬ್ಬೆರಳಿನಷ್ಟು ದಪ್ಪ ಇತ್ತು. ಒಂದು ತುದಿ ಸಿಕ್ಕಿಸಿದರೆ ಇನ್ನೊಂದು ತುದಿ ಫ್ರೇಮಿನ ಗೂಟಕ್ಕೆ ಎರಡು ಬೆರಳು ಕಮ್ಮಿ ಬೀಳುತ್ತದೆ. ವಿಷ್ಣುಪ್ರಸಾದ್ ಫೋನಿನಲ್ಲಿ ವಿಡಿಯೋ ಹಿಡಿದು ತೋರಿಸಿದ.

"ಇವನು ಹುಕ್ಕಿನಲ್ಲಿ ಎಳಿತಾನೆ ನೋಡಿ ಹಕೀಮಣ್ಣ. ನನ್ನ ಹತ್ತಿರ ಹುಕ್ ಉಂಟು."

"ಎಳೀರಿ ಮಾರಾಯ್ರೆ."

ಎಳೆದ. ಎರಡನೇ ಸಲ ಹುಕ್ಕು ಜಾರಿ ಬೆರಳ ಗಂಟಿನ ಚರ್ಮ ಹೋಯಿತು. ಅವನು ಬಾಯಲ್ಲಿ ಬೆರಳಿಟ್ಟುಕೊಂಡ. ನನಗೆ ಸಂತೋಷವಾಯಿತು.

ನಾನು ಎದ್ದು ವಾಶರಿನ ಡಬ್ಬ ತಂದೆ. ಸ್ಪ್ರಿಂಗನ್ನು ಬೆಂಚಿನ ವೈಸಿಗೆ ಕಚ್ಚಿಸಿ ಒಂದು ಬದಿಗೆ ಬಗ್ಗಿಸಿದರೆ ಇನ್ನೊಂದು ಬದಿಯಲ್ಲಿ ಸುತ್ತುಗಳ ನಡುವೆ ಬಾಯಿ ಬಿಡುತ್ತದೆ. ಆ ಸಂದಿಗೊಂದು ತೆಳು ವಾಶರ್ ತುರುಕಬೇಕು. ಮತ್ತೆ ಆ ಕಡೆ ಬಗ್ಗಿಸಿ ಈ ಕಡೆ ತುರುಕಬೇಕು. ಎಲ್ಲ ಸಂದಿ ತುಂಬುವಾಗ ಸ್ಪ್ರಿಂಗು ಯಾರೂ ಎಳೆಯದೆ ಎರಡು ಬೆರಳು ಉದ್ದವಾಗಿರುತ್ತದೆ. ಗೂಟಕ್ಕೆ ಬಳೆ ತೊಡಿಸಿದ ಹಾಗೆ ಸಿಕ್ಕಿಸಿದೆ. ನಂತರ ಸ್ಟ್ಯಾಂಡನ್ನು ಕೆಳಗೆ ಒತ್ತಿದರೆ ಸ್ಪ್ರಿಂಗು ಎಳೆದುಕೊಂಡು ವಾಶರುಗಳು ತಾವೇ ಉದುರುತ್ತವೆ.

"ಇದು ಯಾವ ವಿಡಿಯೋದಲ್ಲೂ ಇಲ್ಲ" ಎಂದ ವಿಷ್ಣುಪ್ರಸಾದ್. ನಿಜವಾಗಿ ಬೆರಗಾಗಿದ್ದ. ನನಗೆ ಖುಷಿಯಾಯಿತು. ಅವನ ಮಾತಿಗೆ ಖುಷಿಯಾಯಿತಲ್ಲ ಎಂದು ಸಿಟ್ಟೂ ಬಂತು.

ಅವನು ತನ್ನ ಪೆಟ್ಟಿಗೆಯಿಂದ ಟಾರ್ಕ್ ರೆಂಚ್ ತೆಗೆದ. ಬೋಲ್ಟು ಎಷ್ಟು ಬಿಗಿಯಾಗಬೇಕೋ ಅಷ್ಟಕ್ಕೆ ನಂಬರು ಇಟ್ಟರೆ ಟಕ್ ಎನ್ನುವ ಸ್ಪಾನರು. "ತಪ್ಪು ತಿಳಿಬೇಡಿ, ಒಮ್ಮೆ ನೋಡುದು ಅಷ್ಟೇ" ಎಂದ. ಹದಿನಾರು ವರ್ಷದಿಂದ ಕೈಯ ಅಂದಾಜಿನಲ್ಲೇ ಬಿಗಿದವನು ನಾನು. ಮೂರು ಬೋಲ್ಟು ಮುಟ್ಟಿದ ಕೂಡಲೇ ಟಕ್ ಎಂದವು. ನಾಲ್ಕನೆಯದು ಕಾಲು ಸುತ್ತು ತಿರುಗಿ ಟಕ್ ಎಂದಿತು. ಅವನು ರೆಂಚನ್ನು ಒರೆಸಿ ಪೆಟ್ಟಿಗೆಗೆ ಹಾಕಿದ. ಒಂದು ಮಾತು ಹೇಳಬಹುದಿತ್ತು.

ನಾನು ಕಾಲಿನಿಂದ ಸ್ಟ್ಯಾಂಡನ್ನು ಒತ್ತಿದೆ. ವಾಶರುಗಳು ಸಿಮೆಂಟಿನ ಮೇಲೆ ಉದುರಿದವು. ಬಗ್ಗಿ ಹೆಕ್ಕುವಾಗ ನೋಡಿದೆ, ಒಂದು ಬಿದ್ದಿರಲಿಲ್ಲ. ಸ್ಪ್ರಿಂಗಿನ ಕೊಕ್ಕೆಯ ಬುಡದ ಸುತ್ತು ಪೂರ್ತಿ ಬಿಡಿಸಿಕೊಳ್ಳುವುದಿಲ್ಲ, ಅದರಲ್ಲಿ ಓರೆಯಾಗಿ ಕಚ್ಚಿಕೊಂಡಿತ್ತು. ತೆಗೆಯಲಿಕ್ಕೆ ಪ್ಲಯರ್ ಕೈಗೆತ್ತಿಕೊಂಡೆ.

"ಮೊದಲು ನಿಲ್ಲಿಸಿ ನೋಡುವ" ಎಂದ ಮಶೂದ್.

"ಇವರು ನಿಲ್ಲಿಸ್ಲಿ" ಎಂದೆ, ವಿಷ್ಣುಪ್ರಸಾದನನ್ನು ತೋರಿಸಿ. ಸಪೂರ ಜನ. ಗಾಡಿ ಅವನ ಮೂರೂವರೆ ಪಾಲು ತೂಗುತ್ತಿತ್ತು. ಬ್ರೇಕಿನ ಪಟ್ಟಿ ಬಿಚ್ಚಿ, ಬೀಳುವ ಮೊದಲು ಹಿಡಿಯಲು ನಾನು ಹತ್ತಿರವೇ ನಿಂತೆ. ಬೀಳಿಸಬಾರದು, ಆದರೆ ಅವನು ಒದ್ದಾಡುವುದನ್ನು ನೋಡಬೇಕಿತ್ತು.

ಅವನು ಸ್ಟ್ಯಾಂಡಿನ ತುದಿಗೆ ಬೂಟಿನ ಹಿಮ್ಮಡಿ ಇಟ್ಟ, ಎರಡು ಕಾಲೂ ನೆಲ ಮುಟ್ಟಿತಾ ನೋಡಿದ, ಮೆಟ್ಟಿಲು ಹತ್ತಿದ ಹಾಗೆ ಅದರ ಮೇಲೆ ನಿಂತ. ಗಾಡಿ ಹಿಂದಕ್ಕೆ ಸರಿದು ಎದ್ದು ಕೂತಿತು.

ಗಾಡಿಯನ್ನು ಇಳಿಸಿ ಮಶೂದ್ ಎರಡು ಸಲ ಪ್ರಯತ್ನಿಸಿ ಸೋತ. "ಕೈಯಲ್ಲಿ ಎತ್ತುದಲ್ಲ ಮಶೂದ್, ಕಾಲಿನ ಮೇಲೆ ನಿಲ್ಲುದು. ಗಾಡಿ ತಾನೇ ಬರ್ತದೆ" ಎಂದ ವಿಷ್ಣುಪ್ರಸಾದ್, ಅವನ ಭುಜ ಹಿಡಿದು. ಮೂರನೇ ಸಲ ಗಾಡಿ ಎದ್ದಿತು.

"ನೀನು ಒಳ್ಳೆ ಮೇಷ್ಟ್ರು ಮಾರಾಯ. ಇದನ್ನು ನನಗೆ ಇಷ್ಟರವರೆಗೆ ಯಾರೂ ಹೇಳಿಕೊಡ್ಲೇ ಇಲ್ಲ" ಎಂದ ಮಶೂದ್.

ಹದಿನೈದನೇ ವರ್ಷದಲ್ಲಿ, ಅವನ ಬಾಪನ ಬೈಕಿನಲ್ಲಿ, ಅವರದ್ದೇ ಅಂಗಳದಲ್ಲಿ, ಹೇಳಿಕೊಟ್ಟವನು ನಾನು. ಇದೇ ಮಾತು. ಕೈಯಲ್ಲಿ ಎತ್ತುದಲ್ಲ, ಕಾಲಿನ ಮೇಲೆ ನಿಲ್ಲುದು.

ನಾನು ಪ್ಲಯರನ್ನು ಪೆಟ್ಟಿಗೆಗೆ ಹಾಕಿದೆ.

ಆ ಒಂದು ವಾಶರಿನಿಂದ ಗಾಡಿಗೆ ಏನೂ ಆಗುವುದಿಲ್ಲ. ಸ್ಟ್ಯಾಂಡೂ ಬೀಳುವುದಿಲ್ಲ. ಕೆಟ್ಟ ರಸ್ತೆಯಲ್ಲಿ ಕಿಣಿ ಕಿಣಿ ಎನ್ನುತ್ತದೆ, ಅಷ್ಟೇ. ಆದರೆ ಆ ಶಬ್ದ ಎಲ್ಲಿಂದ ಬರುತ್ತದೆ ಎಂದು ತಿಳಿಯುವುದಿಲ್ಲ. ಚೈನು ನೋಡುತ್ತಾರೆ, ಸೈಲೆನ್ಸರ್ ನೋಡುತ್ತಾರೆ, ಪೆಟ್ಟಿಗೆ ಬಿಚ್ಚಿ ನೋಡುತ್ತಾರೆ. ಟಾರ್ಕ್ ರೆಂಚಿಗೆ ಅದು ಸಿಗುವುದಿಲ್ಲ. ಕೊನೆಗೆ ಫೋನ್ ಮಾಡಬೇಕು. ಮಶೂದ್ ಫೋನ್ ಮಾಡಿದರೆ ನನಗೇ ಮಾಡಬೇಕು.

ಹೊರಡುವಾಗ ಮಶೂದ್ ಮತ್ತೆ ಜಾಕೆಟ್ಟಿನ ಹತ್ತಿರ ನಿಂತ. "ಗಿರಾಕಿ ಯಾವಾಗ ಬರುದು?"

"ಗೊತ್ತಿಲ್ಲ."

"ಹಾಗಾದ್ರೆ ಇದೊಂದು ಕೊಂಡುಹೋಗ್ತೇನೆ. ಅಲ್ಲಿ ಚಳಿಗೆ ಒಂದು ಹೆಚ್ಚಿಗೆ ಇರ್ಲಿ. ಬಂದ ಕೂಡಲೇ ಕೊಡ್ತೇನೆ."

ನನ್ನದು ಎನ್ನಬೇಕಿತ್ತು. ನನ್ನದು ಎಂದರೆ ಏಕೆ ತೆಗೆದದ್ದು ಎಂದೂ ಹೇಳಬೇಕು. ಕಾಲರಿನಲ್ಲಿ ನೇತಾಡುತ್ತಿದ್ದ ಬೆಲೆಯ ಚೀಟಿಯನ್ನು ಕಿತ್ತು ಕಿಸೆಗೆ ಹಾಕಿಕೊಂಡು ಜಾಕೆಟ್ಟನ್ನು ಮಡಚಿ ಕೊಟ್ಟೆ.

ಗುರುವಾರ ಸಂಜೆ ಧರ್ಮಪಾಲ ಚಾ ಗ್ಲಾಸು ನನ್ನೆದುರು ಇಟ್ಟು ಸುಮ್ಮನೆ ಇರಲಿಲ್ಲ. "ಎಂತ ಹಕೀಮ, ಡಬಲ್ ಹೋಗ್ಲಿಲ್ವಾ?"

"ಡಬಲ್ ಹೋಯ್ತು" ಎಂದೆ.

ಶುಕ್ರವಾರ ಜುಮಾ ಮುಗಿದ ಮೇಲೆ ಅಭ್ಯಾಸದಲ್ಲಿ ಇಚಿಲಂಪಾಡಿಯ ತಿರುವಿನ ತನಕ ಹೋಗಿ ಹಿಂದೆ ಬಂದೆ. ಫೋನನ್ನು ಕೆಲಸದ ಹೊತ್ತಿನಲ್ಲೂ ಕಿಸೆಯಲ್ಲೇ ಇಟ್ಟುಕೊಂಡೆ. ಗ್ರೀಸ್ ಕೈಯಲ್ಲಿ ಎತ್ತಿದ್ದೆಲ್ಲ ಬೇರೆಯವರ ಕರೆ. ಶನಿವಾರ, ಭಾನುವಾರ, ಸೋಮವಾರ ಹೋಯಿತು. ಮಹಾರಾಷ್ಟ್ರದ ರಸ್ತೆ ಚೆನ್ನಾಗಿರಬಹುದು, ಮೇಲೆ ಹೋದ ಹಾಗೆ ಹಾಳಿರುತ್ತದೆ ಎಂದು ಲೆಕ್ಕ ಹಾಕಿದೆ. ಇಲ್ಲಿ ಕೂತು ಅವರ ದಾರಿಗೆ ಹೊಂಡ ತೋಡುತ್ತಿದ್ದೆ. ಹಾಗೆ ಅನಿಸಿದ ಮೇಲೂ ನಿಲ್ಲಿಸಲಿಲ್ಲ.

ಒಂಬತ್ತನೇ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದಾಗ ಫೋಟೋ ಬಂತು. ಬೋಳು ಗುಡ್ಡ, ಕಲ್ಲಿನ ನಡುವೆ ತೆಳ್ಳಗೆ ಒಂದು ನದಿ. ಗಾಡಿ ಡಬಲ್ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಂತಿದೆ. ಪಕ್ಕದಲ್ಲಿ ಇಬ್ಬರೂ ನಗುತ್ತಿದ್ದಾರೆ. ಅಡಿಯಲ್ಲಿ ಮಶೂದ್ ಬರೆದಿದ್ದ: "ಡಬಲ್ ಸೂಪರ್ ಮಾರಾಯ. ಒಂದು ಶಬ್ದ ಇಲ್ಲ."

ನಾನು ಎರಡು ಬೆರಳಿನಲ್ಲಿ ಫೋಟೋ ದೊಡ್ಡ ಮಾಡಿದೆ. ಗುಡ್ಡ ಹೋಯಿತು, ಮುಖಗಳು ಹೋದವು, ಕೊನೆಗೆ ಸ್ಪ್ರಿಂಗು ಮಾತ್ರ ಉಳಿಯಿತು. ಕೊಕ್ಕೆಯ ಬುಡ ಸ್ಪಷ್ಟವಾಗಿ ಕಾಣುತ್ತಿತ್ತು. ಸುತ್ತುಗಳ ನಡುವೆ ಏನೂ ಇರಲಿಲ್ಲ. ಎಲ್ಲೋ ಬಿದ್ದು ಹೋಗಿದೆ. ಉಪ್ಪಿನಂಗಡಿ ದಾಟುವ ಮೊದಲೇ ಯಾವುದೋ ಹಂಪ್ಸಿನಲ್ಲಿ ಬಿದ್ದಿರಬಹುದು.

"ಎಂತ ಅಷ್ಟು ನೋಡುದು?" ಎಂದು ಫೌಝಿಯಾ ಅನ್ನದ ಪಾತ್ರೆ ಕೆಳಗಿಟ್ಟು ಫೋನು ತೆಗೆದುಕೊಂಡಳು. ಬೆರಳಿನಿಂದ ಫೋಟೋವನ್ನು ಮತ್ತೆ ಸಣ್ಣದು ಮಾಡಿದಳು. ಗಾಡಿ ಬಂತು, ನದಿ ಬಂತು, ಇಬ್ಬರೂ ಬಂದರು. ವಿಷ್ಣುಪ್ರಸಾದ್ ಸ್ವಲ್ಪ ಓರೆಯಾಗಿ ನಿಂತಿದ್ದ, ಅವನ ಬೆನ್ನಿನಲ್ಲಿ ಹಳದಿ ಪಟ್ಟಿ ಇತ್ತು.

ಅವಳು ಫೋಟೋವನ್ನು ನೋಡಿದಳು, ನನ್ನನ್ನು ನೋಡಿದಳು.

"ಇದು ನಿಮ್ಮ ಜಾಕೆಟ್ ಅಲ್ವಾ?"

"ಅಲ್ಲ" ಎಂದೆ. "ಗಿರಾಕಿದ್ದು."