ಮುಚ್ಚಳದ ಮೇಲಿನ ಗಣಪತಿ

ದುಬೈಯಿಂದ ರಜೆಯಲ್ಲಿ ಬಂದ ನನ್ನ ಗಂಡ ಜಿತೇಶನಿಗೆ ಹಾಲ್‌ನ ಗೋಡೆಯ ಕರೆಂಟಿನ ಪೆಟ್ಟಿಗೆ ಕಣ್ಣಿಗೆ ಚುಚ್ಚಿತು. ಬೈಕಂಪಾಡಿಯಲ್ಲಿ ಸಾಗುವಾನಿಯ ಮುಚ್ಚಳ ಕೆತ್ತಿಸಿ ತಂದ, ನಡುವೆ ದೊಡ್ಡ ಗಣಪತಿ. ಬಿಜಾಗರಿ ಇಡಿಸು, ಗಾಳಿಗೆ ತೂತು ಬಿಡಿಸು, ಕೈ ಹಾಕಿದ ಕೂಡಲೇ ತೆರೆಯಬೇಕು ಎಂದು ಬಾಯಿ ಒಣಗುವಷ್ಟು ಹೇಳಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಬಿಜಾಗರಿ ಕಂಡರೆ ಚಂದ ಕೆಡುತ್ತದಂತೆ. ಅವನ ಚಂದಕ್ಕೆ ಬೆಂಕಿ ಹಾಕ! ಎರಡು ಕೈಯಲ್ಲಿ ಜಗ್ಗಿದರೂ ಬಾರದಷ್ಟು ಬಿಗಿಯಾಗಿ ಕೂರಿಸಿದ.

ಮರುದಿನವೇ ಅತ್ತೆ ಅದಕ್ಕೆ ಮಲ್ಲಿಗೆ ಮುಡಿಸಿದರು. ಆಮೇಲೆ ಊದುಬತ್ತಿ. ವಯರಿನ ಪೆಟ್ಟಿಗೆಗೆ ಬೆಂಕಿ ತೋರಿಸುವ ಮನೆ ಇಡೀ ಮಂಗಳೂರಿನಲ್ಲಿ ನಮ್ಮದೊಂದೇ ಇರಬೇಕು. ನಾನು ಮುಟ್ಟಾಗಿದ್ದ ದಿನ ಕರೆಂಟು ಟ್ರಿಪ್ ಆದರೆ, ದೇವರನ್ನು ಮುಟ್ಟಬಾರದೆಂದು ಜಿತೇಶ್ ಪೇಟೆಯಿಂದ ಬರುವವರೆಗೆ ಸೆಕೆಯಲ್ಲಿ ಬೇಯಿಸಿದರು. ನನಗೆ ಮೈಯೆಲ್ಲ ಉರಿಯಿತು.

"ಅಮ್ಮನ ಹತ್ತಿರ ಎಂತ ಜಗಳ ಮಾರಾಯ್ತಿ" ಎಂದು ಜಿತೇಶ್ ನಕ್ಕ.

ಮುಂದಿನ ತಿಂಗಳು ಮುಟ್ಟಾದಾಗಲೂ ಅದೇ. ನಾನು ಅಡುಗೆಮನೆಗೆ ಕಾಲಿಡುವ ಹಾಗಿಲ್ಲ, ಹಾಗಾಗಿ ಮಗಳು ನಿರೀಕ್ಷಾ ಅಕ್ಕಿ ಕಡೆಯಲು ನಿಂತಿದ್ದಳು. ಒಂದು ಶಬ್ದ ಬಂತು, ಕೂಗೂ ಅಲ್ಲ. ಓಡಿ ನೋಡಿದರೆ ಒದ್ದೆ ಕೈ ಗ್ರೈಂಡರಿಗೆ ಅಂಟಿಕೊಂಡಿದೆ, ಮೈ ನಡುಗುತ್ತಿದೆ. ಸ್ವಿಚ್ಚು ಅವಳ ಬೆನ್ನ ಹಿಂದೆ. ಮೇನ್ ಸ್ವಿಚ್ಚು ಇಳಿಸಲು ಹಾಲ್‌ಗೆ ಹಾರಿದೆ. ಅತ್ತೆ ಅಡ್ಡ ಬಂದರು.

"ನೀನು ಮುಟ್ಟಬೇಡ ಹೇಮಾಕ್ಷಿ, ನಾನು ತೆಗೀತೇನೆ."

ಅವರ ಮುದಿ ಬೆರಳುಗಳಿಗೆ ಅದು ಅಲುಗಲೂ ಇಲ್ಲ. ಅವರನ್ನು ತಳ್ಳಿದೆ. ಬಾಗಿಲ ಹಿಂದಿದ್ದ ಕತ್ತಿಯನ್ನು ಮುಚ್ಚಳದ ಅಂಚಿಗೆ ತುರುಕಿ ಮೀಟಿದೆ. ಗಣಪತಿ ಎರಡು ಸೀಳಾಗಿ ನೆಲಕ್ಕೆ ಬಿದ್ದ. ಮೇನ್ ಇಳಿಸಿದೆ. ಅಡುಗೆಮನೆಯಲ್ಲಿ ನಿರೀಕ್ಷಾ ದೊಪ್ಪನೆ ಕುಸಿದಳು. ಪುಣ್ಯಕ್ಕೆ ಉಸಿರಿತ್ತು.

ಅವಳನ್ನು ಎತ್ತಿಕೊಂಡು ಆಟೋಗೆ ಹೊರಟಾಗ ಜಿತೇಶ್ ಮೀನಿನ ಚೀಲ ಹಿಡಿದು ಒಳಗೆ ಬಂದ. ಮೊದಲು ಕಂಡದ್ದು ನೆಲದ ಮೇಲಿನ ಮರ.

"ಇದನ್ನು ಒಡೆದದ್ದು ಯಾರು?"

"ನಾನೇ." ಮಗಳ ಬೆಂದ ಅಂಗೈಯನ್ನು ಅವನ ಮೂಗಿನ ಮುಂದೆ ಹಿಡಿದೆ. "ಇದನ್ನು ನೋಡು ಮೊದಲು."

ಅವನ ಕೈಯಿಂದ ಮೀನು ಬಿತ್ತು.

ನಿರೀಕ್ಷಾಳ ಅಂಗೈ ಮಾಗುತ್ತಿದೆ. ಈಗ ಪೆಟ್ಟಿಗೆಗೆ ಬೋಳು ಹಲಗೆ. ಬಿಜಾಗರಿ ಉಂಟು, ಗಾಳಿಗೆ ತೂತು ಉಂಟು, ಒಂದು ಬೆರಳಿಗೆ ತೆರೆಯುತ್ತದೆ. ಜಿತೇಶನೇ ನಿಂತು ಮಾಡಿಸಿದ. ಗಣಪತಿಯ ಸೀಳುಗಳನ್ನು ಅತ್ತೆ ದೇವರ ಕೋಣೆಯಲ್ಲಿ ಇಟ್ಟುಕೊಂಡಿದ್ದಾರೆ.

ಮೊನ್ನೆ ಮಧ್ಯಾಹ್ನ ಮತ್ತೆ ಟ್ರಿಪ್ ಆಯಿತು. ನಾನು ಮುಟ್ಟಾಗಿ ಹೊರಗಿದ್ದೇನೆಂದು ಅತ್ತೆಗೆ ಗೊತ್ತಿತ್ತು. ಪಕ್ಕಕ್ಕೆ ಬಂದು ನಿಂತರು.

"ಮೇನ್ ಯಾವುದು? ನನಗೂ ತೋರಿಸು."

ಅವರ ಕೈ ಹಿಡಿದು ಸ್ವಿಚ್ಚಿನ ಮೇಲೆ ಇಟ್ಟೆ. ಮುಟ್ಟಾದವಳ ಕೈಯಿಂದ ಅವರು ಕೈ ಎಳೆದುಕೊಳ್ಳಲಿಲ್ಲ. ನನ್ನ ಕೋಪ ಇನ್ನೂ ಇಳಿದಿರಲಿಲ್ಲ, ಸ್ವಲ್ಪ ಗಟ್ಟಿಯಾಗಿಯೇ ಹಿಡಿದಿದ್ದೆ.