ಮಾಡದೆ ಒರೆಸಬಾರದು

ನಾನೊಂದು ಕರಿಹಲಗೆ. ಹುಟ್ಟಿದ್ದು ಮಾತ್ರ ಬೆಂಚಾಗಿ. ಮಲಪ್ರಭೆಯ ದಂಡೆಯ ಒಂದು ಊರಿನ ಚರ್ಚಿನಲ್ಲಿ ಹೆಂಗಸರು ಕೂರುವ ಸಾಲಿನಲ್ಲಿದ್ದೆ. ನನ್ನ ಕಾಲು ಮುರಿದಾಗ ಒಲೆಗೆ ಹಾಕುವ ಮಾತೂ ಬಂದಿತ್ತು. ಸಭೆಯ ಹಿರಿಯರಾದ ದೇವಮಿತ್ರಪ್ಪನವರು ನನ್ನನ್ನು ಬಡಿಗೇರರ ಬಳಿಗೆ ಹೊತ್ತುಕೊಂಡು ಹೋಗಿ, ಹತ್ತರಿ ಹೊಡೆಸಿ ನುಣುಪು ಮಾಡಿಸಿ, ಕಪ್ಪು ಬಣ್ಣ ಬಳಿಸಿ, ತಮ್ಮ ಮನೆಯ ಗೇಟಿನ ಪಕ್ಕ ತೂಗುಹಾಕಿದರು. ಅಂದಿನಿಂದ ನಾನು ಆ ಮನೆಯ ಬಾಯಿಯಾದೆ.

ದೇವಮಿತ್ರಪ್ಪನವರಿಗೆ ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ಸಿತ್ತು. ದಿನಾ ಬೆಳಿಗ್ಗೆ ಮನೆಯವರನ್ನೆಲ್ಲ ಕೂಡಿಸಿ ಬೈಬಲ್ ಓದುವರು. ಓದಿದ ಭಾಗದ ಒಂದು ಮಾತನ್ನು ನನ್ನ ಮೇಲೆ ಬರೆಯುವರು. ಇದನ್ನು ಬೇರೆ ಮನೆಗಳಲ್ಲೂ ಮಾಡುತ್ತಾರೆ. ಆದರೆ ಈ ಮನೆಗೆ ಒಂದು ಕಟ್ಟಳೆಯಿತ್ತು: ಬರೆದ ಮಾತನ್ನು ಮನೆಯವರಲ್ಲಿ ಒಬ್ಬರಾದರೂ ಮಾಡಿ ತೋರಿಸುವ ತನಕ ನನ್ನನ್ನು ಒರೆಸಬಾರದು.

ಒಮ್ಮೆ, ಸಹೋದರನೊಂದಿಗೆ ಸಮಾಧಾನವಾಗು ಎಂಬ ಮಾತು ನನ್ನ ಮೇಲೆ ಬಂದು ಕೂತಿತು. ಹುಣಸೆಮರದ ಜಗಳದಲ್ಲಿ ಅಣ್ಣನೊಂದಿಗೆ ದೇವಮಿತ್ರಪ್ಪನವರ ಮಾತು ನಿಂತು ಹೋಗಿತ್ತು. ದಿನಗಳು ಹೋದವು, ಮಾತು ಹೋಗಲಿಲ್ಲ. ದಾರಿಹೋಕರು ಕೆಣಕತೊಡಗಿದರು.

"ಏನ್ರಿ ದೇವಮಿತ್ರಪ್ಪಾರ, ದೇವರು ಹೊಸಾ ಮಾತು ಆಡೇ ಇಲ್ಲೇನ್ರಿ?"

"ಆಡ್ಯಾನಪಾ. ಹಳೇದ ಇನ್ನೂ ಮುಗದಿಲ್ಲ," ಎಂದು ಅವರು ಮುಖ ಸಣ್ಣದು ಮಾಡಿಕೊಂಡರು.

ಕೊನೆಗೆ ಒಂದು ಸಂಜೆ ಚಪ್ಪಲಿ ಮೆಟ್ಟಿ ಹೊರಟರು. ಬರುವಾಗ ಬಗಲಲ್ಲಿ ಹುಣಸೆಹಣ್ಣಿನ ಗಂಟಿತ್ತು. ಒಳಗೆ ಹೋಗುವ ಮೊದಲು ಧೋತರದ ಸೆರಗಿನಿಂದಲೇ ನನ್ನನ್ನು ಒರೆಸಿದರು. ಅಷ್ಟು ಹಗುರ ನನಗೆ ಮತ್ತೆಂದೂ ಆಗಲಿಲ್ಲ.

ಅವರು ತೀರಿಕೊಂಡ ಮೇಲೆ ಪ್ರೆಸ್ಸು, ಹಿರಿಯತನ, ನಾನು, ಮೂರೂ ಮಗ ಜಯಶೀಲನ ಪಾಲಿಗೆ ಬಂದೆವು. ಜಯಶೀಲನ ಅಕ್ಷರ ಮುತ್ತಿನಂಥದು. ಬಣ್ಣಬಣ್ಣದ ಸೀಮೆಸುಣ್ಣ ತಂದ, ಅಂಚಿಗೆ ಹೂಬಳ್ಳಿ ಬರೆದ. ಜನ ನಿಂತು ನೋಡಿದರು. ನಾನೂ ಉಬ್ಬಿದೆ, ಸುಳ್ಳೇಕೆ ಹೇಳಲಿ. ಆದರೆ ಅವನು ದಿನಾ ಬೆಳಿಗ್ಗೆ ನನ್ನನ್ನು ಒರೆಸುತ್ತಿದ್ದ. ನಿನ್ನೆಯ ಮಾತು ಏನಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ಅವನ ಹೆಂಡತಿ ಸುಗಂಧಿಬಾಯಿ ಮಾತ್ರ ಅಂಗಳ ಗುಡಿಸುತ್ತ ಒಂದೊಂದು ಸಲ ನನ್ನತ್ತ ನೋಡಿ, ಕೆಳಗೆ ಉದುರಿದ ಸುಣ್ಣದ ಪುಡಿಯನ್ನೂ ಗುಡಿಸಿ ಹಾಕುವಳು.

ಆ ವರ್ಷ ಹೊಳೆ ಊರೊಳಗೆ ಬಂತು. ತಗ್ಗಿನ ಓಣಿಗಳೆಲ್ಲ ಮುಳುಗಿದವು. ರೇಡಿಯೋದಲ್ಲಿ, ಪೇಪರಿನಲ್ಲಿ, ಅಧಿಕಾರಿಗಳ ಬಾಯಲ್ಲಿ ಒಂದೇ ಶಬ್ದ: ನೆರೆ. ನೆರೆ ಪರಿಹಾರ, ನೆರೆ ಸಂತ್ರಸ್ತರು. ಕೊನೆಗೆ ಮನೆ ಕಳೆದುಕೊಂಡವರಿಗೆ ನೆರೆಯವರು ಎಂಬ ಹೆಸರೇ ಬಿತ್ತು.

ಅಂದು ಜಯಶೀಲ ನನ್ನ ಮೇಲೆ ಬರೆದಿದ್ದ ಮಾತು: ನೆರೆಯವರನ್ನು ನಿನ್ನಂತೆಯೇ ಪ್ರೀತಿಸು.

ಮಧ್ಯಾಹ್ನ ಒಬ್ಬ ಹೆಂಗಸು ಮುಪ್ಪಾದ ಮಾವನನ್ನು ಹೆಗಲಿಗೆ ಆನಿಸಿಕೊಂಡು ಬಂದಳು. ಇಬ್ಬರೂ ತೊಯ್ದು ತೊಪ್ಪೆಯಾಗಿದ್ದರು. ಮುದುಕನ ಹಲ್ಲು ಕಟಕಟ ಎನ್ನುತ್ತಿತ್ತು. ಅವಳು ನನ್ನ ಮುಂದೆ ನಿಂತು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಓದಿ ಅವಳ ಮುಖ ಅರಳಿತು.

"ಮಾವಾ, ಇಲ್ಲೆ ನೆರೆಯವರಿಗೆ ಜಾಗಾ ಐತಿ. ಬೋರ್ಡೇ ಹಾಕ್ಯಾರ!"

ಗೇಟು ಬಡಿದಳು. ಜಯಶೀಲ ಬಂದ. ಅವಳು ತಾನು ದುರಗವ್ವ, ತಗ್ಗಿನೋಣಿಯವಳು ಎಂದಳು. "ಪಡಸಾಲ್ಯಾಗ ಒಂದು ಮೂಲಿ ಕೊಡ್ರಿ ಸಾಕು ಅಣ್ಣಾರ. ಇವರಿಗೆ ಥಂಡಿ ಹಿಡದೈತಿ."

ಜಯಶೀಲ ಒಮ್ಮೆ ನನ್ನನ್ನು, ಒಮ್ಮೆ ಅವಳ ಕೆಸರುಗಾಲನ್ನು ನೋಡಿದ. ಆಮೇಲೆ ನಕ್ಕ.

"ತಂಗಿ, ನೀ ತಪ್ಪು ತಿಳಕೊಂಡಿ. ಇಲ್ಲೆ ನೆರೆಯವರು ಅಂದ್ರ ಬಾಜೂಮನಿಯವರು. ಹೊಳಿ ನೆರೆ ಅಲ್ಲ."

ಹಲ್ಲು ಕಟಕಟಿಸುವ ಮುದುಕನ ಎದುರು ನಿಂತು ಅವನು ಶಬ್ದದ ಅರ್ಥ ಬಿಡಿಸಿದ!

"ಹಂಗಾದ್ರ ಬಾಜೂಕ ಇಟ್ಕೊಳ್ರಿ," ಎಂದಳು ದುರಗವ್ವ. "ಆವಾಗ ನಾವೂ ನೆರೆಯವರ ಆಗತೀವಿ."

"ಸಾಲ್ಯಾಗ ವ್ಯವಸ್ಥಾ ಮಾಡ್ಯಾರ. ಅಲ್ಲಿಗೆ ಹೋಗವಾ," ಎಂದು ಅವನು ಗೇಟು ಹಾಕಿದ. ಶಾಲೆ ಊರಿನ ಆ ತುದಿಗಿತ್ತು. ಅವರು ಮಳೆಯಲ್ಲಿ ಹೋಗುವುದನ್ನು ತಿರುವಿನ ತನಕ ನಾನು ನೋಡಿದೆ.

ಸ್ವಲ್ಪ ಹೊತ್ತಿಗೆ ಜಯಶೀಲ ಒದ್ದೆ ಅರಿವೆ ಹಿಡಿದು ಬಂದ. ಇನ್ನೊಬ್ಬರು ಓದಿ ಗೇಟು ಬಡಿದರೆ ಎಂಬ ಅಂಜಿಕೆ. ಗಸಗಸ ಒರೆಸಿದ. ಆ ಜಾಗದಲ್ಲಿ, ಸೂರ್ಯಚಂದ್ರರು ದೇವರನ್ನು ಕೊಂಡಾಡಲಿ ಎಂದು ಬರೆದ. ಮಾಡಬೇಕಾದವರು ಸೂರ್ಯಚಂದ್ರರು, ಈ ಮನೆಯವರಿಗೆ ಏನೂ ಕೆಲಸವಿಲ್ಲ. ನನಗೆ ಮೈಯೆಲ್ಲ ಉರಿಯಿತು. ನನ್ನನ್ನು ತೋರಿಸಿ ಕರೆದು, ನನ್ನನ್ನೇ ಮುಂದಿಟ್ಟುಕೊಂಡು ಅವರನ್ನು ಅಟ್ಟಿದ್ದ. ಇದಕ್ಕಿಂತ ಆವತ್ತೇ ಒಲೆಗೆ ಹಾಕಿದ್ದರೆ ಚೆನ್ನಾಗಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಭಾನುವಾರದ ಸಭೆಯಲ್ಲಿ ಜಯಶೀಲ ಇದನ್ನೇ ತಮಾಷೆಯ ಪ್ರಸಂಗ ಮಾಡಿ ಹೇಳಿದನಂತೆ, ಪಾಪ ಓದು ಬಾರದವರು ವಾಕ್ಯವನ್ನು ಹೇಗೆ ತಿಳಿದುಕೊಳ್ಳುತ್ತಾರೆ ನೋಡಿ ಎಂದು. ಜನ ನಕ್ಕರಂತೆ. ಚರ್ಚಿನಿಂದ ಬರುತ್ತ ಅವನೇ ಖುಷಿಯಿಂದ ಹೇಳಿಕೊಳ್ಳುತ್ತಿದ್ದ. ಹಿಂದೆ ಬರುತ್ತಿದ್ದ ಸುಗಂಧಿಬಾಯಿ ನಗಲಿಲ್ಲ. ಸೆರಗು ಸಿಕ್ಕಿಸಿ, ಗೋಡೆಗೆ ಬಳಿಯಲು ನೆನೆಹಾಕಿದ್ದ ಸುಣ್ಣ ತಂದು, ಬೆರಳಿನಿಂದಲೇ ನನ್ನ ಮೇಲೆ ಆ ನೆರೆಯವರ ಮಾತನ್ನು ಮತ್ತೆ ಬರೆದಳು. ಅಕ್ಷರ ಸೊಟ್ಟಗಿದ್ದವು.

"ಮಾವನವರು ಏನ್ ಹೇಳ್ತಿದ್ರು ನೆನಪೈತಿಲ್ರಿ?" ಎಂದಳು ಗಂಡನಿಗೆ. "ಮಾಡಲಾರದ ಒರಸಬಾರದು."

ಆ ದಿನ ನಾನು ಏನೇನೋ ಆಸೆಪಟ್ಟೆ. ಜಯಶೀಲ ಒರೆಸಲಿಲ್ಲ, ನಿಜ. ನನ್ನನ್ನು ಕೊಕ್ಕೆಯಿಂದ ಕಳಚಿ ಹಿತ್ತಲಿಗೆ ಒಯ್ದಿಟ್ಟ. ಗೇಟಿಗೆ ಹೊಸ ಬಿಳಿಹಲಗೆ ಬಂತು.

ಹೊಳೆ ಇಳಿಯಿತು. ಹಿತ್ತಲಿನ ಆಚೆಯ ಬಯಲಿನಲ್ಲಿ ಮನೆ ಕಳೆದುಕೊಂಡವರಿಗೆ ತಗಡಿನ ಶೆಡ್ಡುಗಳೆದ್ದವು. ಮಳೆಗೆ ಹಿತ್ತಲಿನ ಗೋಡೆ ಒಂದು ಕಡೆ ಬಿದ್ದು ಕಿಂಡಿಯಾಗಿತ್ತು. ಆ ಕಡೆಯ ಕೋಳಿ ಬರುತ್ತವೆ ಎಂದು ಗೊಣಗಿ, ಜಯಶೀಲ ಆ ಕಿಂಡಿಗೆ ನನ್ನನ್ನೇ ಅಡ್ಡ ಇಟ್ಟು ಕಲ್ಲು ಒತ್ತಿದ. ಬರಹ ತನಗೆ ಕಾಣದಿರಲೆಂದು ನನ್ನ ಮುಖವನ್ನು ಶೆಡ್ಡುಗಳ ಕಡೆಗೆ ತಿರುಗಿಸಿದ.

ಮರುದಿನ ಬೆಳಿಗ್ಗೆ ಆ ಕಡೆ ಪಾತ್ರೆ ತಿಕ್ಕುತ್ತಿದ್ದವಳು ತಲೆಯೆತ್ತಿದಳು. ದುರಗವ್ವ. ನನ್ನನ್ನು ಓದಿದಳು. ಈ ಕಡೆ ಸುಗಂಧಿಬಾಯಿ ಬಟ್ಟೆ ಒಣಹಾಕುತ್ತಿದ್ದಳು.

"ಅಕ್ಕಾರ, ಈಗಂತೂ ನಾವು ಬಾಜೂಮನಿಯವರ ಆದ್ವಿಲ್ರಿ?"

"ಹೌದವಾ..." ಸುಗಂಧಿಬಾಯಿ ಬಟ್ಟೆ ಬಿಟ್ಟು ಕಿಂಡಿಯ ಹತ್ತಿರ ಬಂದಳು. "ನಿಮ್ಮ ಮಾವಾರು ಎಲ್ಲದಾರ?"

"ಸಾಲ್ಯಾಗ ತೀರಿಕೊಂಡ್ರು. ಇದ್ದಿದ್ರ ಅವರೂ ಇವತ್ತ ನೆರೆಯವರ ಆಗತಿದ್ರು."

ಸುಗಂಧಿಬಾಯಿಯ ಎರಡೂ ಕೈ ನನ್ನ ಮೇಲಂಚನ್ನು ಹಿಡಿದವು. ಕಿತ್ತು ತೆಗೆಯುತ್ತಾಳೆ ಎಂದುಕೊಂಡೆ. ಕಲ್ಲು ಅಲುಗಿತು ಕೂಡ.

"ಸುಗಂಧೀ," ಒಳಗಿಂದ ಜಯಶೀಲ ಕೂಗಿದ, "ಪ್ರಾರ್ಥನಾಕ ಹೊತ್ತಾತು, ಬಾ."

ಕೈಗಳು ಸಡಿಲಾದವು. ಅವಳು ಒಳಗೆ ಹೋದಳು. ಅಂದಿನ ಭಾಗವನ್ನು ಅವನು ಓದುವುದು ಕಿಟಕಿಯಿಂದ ಕೇಳಿಸಿತು. ದನಿ ಎಂದಿನಂತೆ ಇಂಪಾಗಿತ್ತು.

ನಾನು ಇನ್ನೂ ಅಲ್ಲೇ ಇದ್ದೇನೆ. ಅಂಚಿಗೆ ಗೆದ್ದಲು ಹಿಡಿದಿದೆ, ಸುಣ್ಣ ಮಾತ್ರ ಬಿಟ್ಟಿಲ್ಲ. ದುರಗವ್ವ ದಿನಾ ಬೆಳಿಗ್ಗೆ ಪಾತ್ರೆ ತಂದುಕೊಂಡು ನನ್ನ ಎದುರು ಕೂರುತ್ತಾಳೆ. ಅವಳಿಗೆ ಓದಲು ಬರುತ್ತದೆ. ನನಗೆ ತಡೆಯಲಾಗದ್ದು ಅದೊಂದೇ.