ಸೋಮಿಯ ಬಂಡೆಯನ್ನು ಕಂಡ ಗಾಜು

ನಾನು ಒಂದು ಗಾಜು. ಮುಖ ನೋಡಿಕೊಳ್ಳುವ ಕನ್ನಡಿಯಲ್ಲ, ಕಿಟಕಿಗೆಂದು ಹುಟ್ಟಿದವನೂ ಅಲ್ಲ. ಆದರೆ ಹಣೆಬರಹ ನನ್ನನ್ನು ಕೊನೆಗೆ ಕಿಟಕಿಯಲ್ಲೇ ಕೂರಿಸಿತು. ಅದನ್ನು ಆಮೇಲೆ ಹೇಳುತ್ತೇನೆ. ಫಿಲ್ಮಿನ ಸುರುಳಿ ಬರುವ ಮೊದಲು ಫೋಟೋಗಳು ಮೂಡುತ್ತಿದ್ದದ್ದು ನಮ್ಮಂಥ ಗಾಜಿನ ಮೇಲೆಯೇ. ಕಡಲಾಚೆಯ ಒಂದು ಕಾರ್ಖಾನೆಯಲ್ಲಿ, ಕಗ್ಗತ್ತಲ ಕೋಣೆಯಲ್ಲಿ, ನನ್ನ ಒಂದು ಮೈಗೆ ಔಷಧಿಯ ಲೇಪ ಹಚ್ಚಿದರು. ಇನ್ನೊಂದು ಮೈಯನ್ನು ಬರಿದೇ ನುಣ್ಣಗೆ ಬಿಟ್ಟರು. ನನಗೆ ಎರಡು ಮೈ ಎಂಬುದನ್ನು ಸ್ವಲ್ಪ ನೆನಪಿಡಿ. ಅದನ್ನು ಮರೆತವರೊಬ್ಬರಿಂದ ಎರಡು ಕೇರಿಗಳು ಮಾತು ಬಿಟ್ಟವು.

ಹಡಗಿನಲ್ಲಿ, ಆಮೇಲೆ ಎತ್ತಿನ ಗಾಡಿಯಲ್ಲಿ ಅಂಕೋಲೆಗೆ ಬಂದೆ. ಅಲ್ಲಿ ನನ್ನನ್ನು ಕೊಂಡವರು ಸುಬ್ರಾಯ ರೇವಣಕರರು. ಮನೆತನದ ಕಸುಬು ಚಿನ್ನದ ಕೆಲಸ. ಇವರಿಗೆ ಹಿಡಿದದ್ದು ಕ್ಯಾಮೆರಾದ ಹುಚ್ಚು. ಬೇಸಗೆ ಬಂತೆಂದರೆ ಅಂಗಡಿಗೆ ಬೀಗ ಹಾಕಿ, ಮೂರುಕಾಲಿನ ಸ್ಟ್ಯಾಂಡು ಹೆಗಲಿಗೇರಿಸಿ, ಗಂಗಾವಳಿ ಹೊಳೆಯ ದಡ ಹಿಡಿದು ಘಟ್ಟದ ಕಡೆ ನಡೆದುಬಿಡುತ್ತಿದ್ದರು. ಬಿದಿರು ತೇಲಿಸುವವರು, ಚಾಪೆ ಒಗೆಯುವವರು, ನೀರಿಗಿಳಿದ ಎಮ್ಮೆಗಳು, ಒಂದನ್ನೂ ಬಿಡುತ್ತಿರಲಿಲ್ಲ. ಸಂಜೆ ಮನೆಯಲ್ಲಿ ಬೈಗುಳ ತಿಂದರೂ ಮರುದಿನ ಮತ್ತೆ ಹೊಳೆ. ನನ್ನ ಅಣ್ಣತಮ್ಮಂದಿರ ಮೈಮೇಲೆಲ್ಲ ಹೊಳೆಯೇ ಹರಿಯಿತು. ನಾನು ಮಾತ್ರ ಪೆಟ್ಟಿಗೆಯ ತಳದಲ್ಲಿ ಕತ್ತಲು ತಿನ್ನುತ್ತ ಕುಳಿತಿದ್ದೆ.

ಮಳೆಗಾಲಕ್ಕೆ ಮುಂಚಿನ ಒಂದು ಬೆಳಿಗ್ಗೆ ನನ್ನ ಸರದಿ ಬಂತು. ಜಾಗ ಅಬ್ಬಿಮಡು. ಮೇಲಿನಿಂದ ಸಣ್ಣ ಅಬ್ಬಿ ಧುಮುಕಿ, ಕೆಳಗೆ ನೀರು ತಂಗುವ ಆಳದ ಮಡು. ಒಂದು ದಡದಲ್ಲಿ ಬೇಣದಕೇರಿ, ಎದುರು ದಡದಲ್ಲಿ ಕೊಡಸೆ. ವರ್ಷಕ್ಕೊಮ್ಮೆ ಎರಡೂ ಕಡೆಯವರು ಬಿದಿರಿನ ಕೂಳಿ ಹಿಡಿದು ಈ ಮಡುವಿಗೆ ಇಳಿಯುತ್ತಿದ್ದರು. ಕೂಳಿಯೆಂದರೆ ಎರಡೂ ಕಡೆ ಬಾಯಿ ತೆರೆದ ಬುಟ್ಟಿ. ನೀರಿನಲ್ಲಿ ಊರಿ, ಮೇಲಿನ ಬಾಯಿಯಿಂದ ಕೈ ಹಾಕಿ ಮೀನು ಹಿಡಿಯುವುದು. ಮಡುವಿನ ಅಂಚಿನಲ್ಲಿ ಆನೆಯಷ್ಟು ದೊಡ್ಡ ಬಂಡೆಯೊಂದಿತ್ತು. ಬಂಡೆ ಯಾವ ದಡಕ್ಕೆ ಅಂಟಿದೆಯೋ ಆ ಕೇರಿಯವರದೇ ಮೊದಲ ಕೂಳಿ. ಅದು ಅಂಟಿದ್ದದ್ದು ಬೇಣದಕೇರಿಯ ದಡಕ್ಕೆ.

ರೇವಣಕರರು ಮಡುವಿನ ಕೆಳಗಿನ ಮರಳುದಿಬ್ಬದಲ್ಲಿ ಕ್ಯಾಮೆರಾ ಹೂಡಿ, ಕರಿ ಬಟ್ಟೆ ಹೊದ್ದು, "ಯಾರೂ ಅಲುಗಬೇಡಿ ಹಾಂ!" ಎಂದು ಕೂಗಿದರು. ಮುಚ್ಚಳ ತೆರೆಯಿತು. ಆಹಾ, ಎಂಥ ಬೆಳಕು! ಜನರನ್ನು ನಾನು ಮೊದಲು ಕಂಡದ್ದು ತಲೆಕೆಳಗಾಗಿ. ನಮ್ಮ ಕಣ್ಣೇ ಹಾಗೆ. ಬಣ್ಣದಲ್ಲೂ ನಮ್ಮದು ಉಲ್ಟಾ: ಲೋಕಕ್ಕೆ ಬಿಳಿಯಾದದ್ದು ನಮಗೆ ಕಪ್ಪು, ಲೋಕಕ್ಕೆ ಕಪ್ಪಾದದ್ದು ನಮಗೆ ಬಿಳಿ. ಹಿಂದಿನ ಬೆಟ್ಟಗಳನ್ನು ಮಂಜು ನುಂಗಿತ್ತು. ನೀರಿನಂಚಿನಲ್ಲಿ ಹೊಳೆಗೆ ಕಾಯಿ ಒಡೆಯಲು ಬಂದ ಪುರೋಹಿತ ಗಜಾನನ ಭಟ್ಟರು ಬರಿಮೈಯಲ್ಲಿ, ಕಾಯಿ ಹಿಡಿದು ನಿಂತಿದ್ದರು. ಮೀನಿನ ವಾಸನೆ ಏಳುವ ಮೊದಲೇ ಓಡಿಬಿಡಬೇಕೆಂಬ ಅವಸರ ಅವರ ಮುಖದ ಮೇಲೆ ಬರೆದಂತಿತ್ತು. ಅವರ ಹಿಂದೆ, ಬಂಡೆಯ ನೆತ್ತಿಯ ಮೇಲೆ, ಕೂದಲು ಹರಡಿಕೊಂಡ ಒಂದು ಹುಡುಗಿ. ಅಲುಗಬೇಡಿ ಅಂದರೂ ನಗುತ್ತಿದ್ದವಳು ಅವಳೊಬ್ಬಳೇ. ಬೇಣದಕೇರಿಯ ಸೋಮಿ. ಅವಳ ಕರಿ ಕೂದಲು ನನ್ನಲ್ಲಿ ಬೆಳ್ಳಗೆ ಮೂಡಿತು. ಆ ನಗುವಿಗೆ ನಾನು ಅಂದೇ ಸೋತೆ, ಸುಳ್ಳೇಕೆ ಹೇಳಲಿ.

ಸ್ವಲ್ಪ ಕಾಲಕ್ಕೆ ಸೇತುವೆ ಕಟ್ಟುವವರು ಬಂದು ಬಂಡೆಗೆ ಮದ್ದಿಟ್ಟು ಒಡೆದು ಜಲ್ಲಿ ಮಾಡಿದರಂತೆ. ನಾನು ರೇವಣಕರರ ಕಪಾಟಿನಲ್ಲಿದ್ದೆ. ಅವರು ನನ್ನನ್ನು ಕಾಗದಕ್ಕೆ ಇಳಿಸುವ ಮೊದಲೇ ತೀರಿಕೊಂಡರು. ನಮ್ಮ ಎರಡು ಮೈಗಳಲ್ಲಿ ಯಾವುದು ಯಾವುದೆಂದು ಕತ್ತಲಲ್ಲಿ ತಿಳಿಯಲು ಅವರು ಮೂಲೆಗೆ ತುಟಿ ತಾಗಿಸಿ ನೋಡುತ್ತಿದ್ದರು. ಲೇಪದ ಮೈ ತುಟಿಗೆ ಚೂರು ಅಂಟುತ್ತದೆ. ಅವರ ಮಗ ದಾಮೋದರನಿಗೆ ಗಾಜಿಗೆ ತುಟಿ ಇಡುವುದೆಂದರೆ ಅಸಹ್ಯ. ಬಹಳ ವರ್ಷಗಳ ನಂತರ ಕೊಡಸೆಯ ಬೊಮ್ಮಯ್ಯ ನಾಯ್ಕ, ತಾನು ತೆರೆದ ಮೀನೂಟದ ಹೋಟೆಲ್ಲಿನ ಗೋಡೆಗೆ ಹಳೆ ಹೊಳೆಯ ಚಿತ್ರವೊಂದು ಬೇಕೆಂದು ಬಂದಾಗ, ದಾಮೋದರ ನನ್ನನ್ನು ಹಿಂದುಮುಂದಾಗಿ ಇಟ್ಟು ಫೋಟೋ ಮಾಡಿಕೊಟ್ಟ. ಎಡ ಬಲವಾಯಿತು. ಬೇಣದಕೇರಿಯ ಬಂಡೆ ಹೊಳೆ ದಾಟಿ ಕೊಡಸೆಯ ದಡದಲ್ಲಿ ಹೋಗಿ ಕುಳಿತಿತು!

ಬೊಮ್ಮಯ್ಯ ಫೋಟೋದ ಜೊತೆ ನನ್ನನ್ನೂ ಬಿಡದೆ ಕೇಳಿ ಒಯ್ದ. ಹೋಟೆಲ್ಲಿನ ಕಿಟಕಿಯಲ್ಲಿ ಒಂದು ಗಾಜು ಒಡೆದಿತ್ತು, ಅಳತೆ ಸರಿಯಾಯಿತು, ಕೂರಿಸಿಯೇಬಿಟ್ಟ. ನನಗೆ ಮೊದಲು ಅವಮಾನವೆನಿಸಿದ್ದು ನಿಜ. ಆದರೆ ಒಂದು ಕಡೆ ಹೊಳೆ, ಇನ್ನೊಂದು ಕಡೆ ಬಂಗಡೆ ಸಾರಿನ ಘಮ, ದಿನವಿಡೀ ಜನರ ಹರಟೆ. ಕಪಾಟಿಗಿಂತ ಸಾವಿರ ಪಾಲು ವಾಸಿ.

ತೊಂದರೆ ಶುರುವಾದದ್ದು ಗೋಡೆಯ ಮೇಲಿನ ಫೋಟೋದಿಂದ. ಬಂಡೆ ಹೋದ ಮೇಲೆ ಎರಡು ಕೇರಿಯವರು ಒಂದು ವರ್ಷ ನಿಮ್ಮದು, ಒಂದು ವರ್ಷ ನಮ್ಮದು ಎಂದು ಮೊದಲ ಕೂಳಿಯನ್ನು ಹಂಚಿಕೊಂಡಿದ್ದರು. ಈಗ ಕೊಡಸೆಯವರು ಎದೆ ಉಬ್ಬಿಸಿ, "ಫೋಟೋನೇ ಹೇಳ್ತದಲ್ಲಾ, ಬಂಡೆ ನಮ್ದು!" ಎಂದರು. ಬಂಡೆಯನ್ನು ಕಂಡಿದ್ದ ಹಿರಿಯರು ಒಬ್ಬೊಬ್ಬರಾಗಿ ತೀರಿಹೋಗಿದ್ದರು. ಬೇಣದಕೇರಿಯವರು ಮುನಿಸಿಕೊಂಡು ಮಡುವಿಗೆ ಬರುವುದನ್ನೇ ಬಿಟ್ಟರು.

ಇದರಿಂದ ಬೆಂದವಳು ಸೋಮಿ. ಅವಳು ಮದುವೆಯಾಗಿ ಬಂದದ್ದು ಕೊಡಸೆಗೇ. ಈಗ ಅಜ್ಜಿ; ಹೋಟೆಲ್ಲಿನ ಜಗುಲಿಯಲ್ಲಿ ಕುಳಿತು ಮೀನು ಸ್ವಚ್ಛ ಮಾಡಿಕೊಡುತ್ತಿದ್ದಳು. "ಬಂಡೆ ಬೇಣದಕೇರಿದು ಮಾರಾಯಾ. ನಾ ಅದ್ರ ಮೇಲೆ ನಿಂತವಳು!" ಎಂದು ಹೇಳಿ ಹೇಳಿ ಅವಳ ಗಂಟಲು ಒಣಗಿತು.

"ತವರಿನ ಮೋಹ ಅಜ್ಜಿ ನಿಂಗೆ," ಎಂದು ಬೊಮ್ಮಯ್ಯ ನಗುತ್ತಿದ್ದ. "ಫೋಟೋ ಸುಳ್ಳು ಹೇಳ್ತದ್ಯಾ?"

ಊರಿಗೆ ಊರೇ ನಕ್ಕಿತು. ತವರಿನ ಅಣ್ಣನ ಮಗ ಬೀರಾ ಗೌಡ ಕೂಡ ಅವಳ ಮನೆಗೆ ಬರುವುದನ್ನು ನಿಲ್ಲಿಸಿದ. "ಕಣ್ಣು ಮುಚ್ಚೋದ್ರೊಳಗೆ ಒಂದ್ಸಲ ನಮ್ಮ ಕೇರಿ ಕೂಳಿ ಮೊದ್ಲು ಬೀಳೂದು ನೋಡ್ಬೇಕು," ಎಂದು ಅವಳು ನನ್ನ ಕಡೆಗೇ ನೋಡಿ ಹೇಳಿದಂತಿತ್ತು. ನಿಜ ನನ್ನ ಮೈಮೇಲೇ ಇತ್ತು, ಬಾಯಿ ಮಾತ್ರ ಇರಲಿಲ್ಲ. ಗಾಜಿನ ಜನ್ಮಕ್ಕೆ ಬೆಂಕಿ ಬೀಳಲಿ ಎಂದು ನನ್ನನ್ನು ನಾನೇ ಶಪಿಸಿಕೊಂಡೆ.

ಈ ಜಗಳಕ್ಕೆ ಕೊನೆ ತಂದದ್ದು ಮಳೆ. ಆ ವರ್ಷದ ಮೀನುಬೇಟೆಯ ದಿನ ಗಜಾನನ ಭಟ್ಟರ ಮೊಮ್ಮಗ ಶ್ರೀಧರ ಭಟ್ಟ ಕಾಯಿ ಒಡೆಯಲು ಬಂದಿದ್ದ. ಹೊಳೆಗೆ ಹೊರಟವನ ಮೇಲೆ ಮೊದಲ ಮಳೆ ಧೋ ಎಂದು ಸುರಿಯಿತು. ಓಡಿ ನಿಲ್ಲಲು ಇದ್ದದ್ದು ಒಂದೇ ಸೂರು, ಮೀನಿನ ಹೋಟೆಲ್ಲು. ಅವನ ಮನೆಯವರು ಯಾರೂ ಅಲ್ಲಿಯವರೆಗೆ ಆ ಹೊಸ್ತಿಲ ಹತ್ತಿರ ಸುಳಿದಿರಲಿಲ್ಲ. ಶಾಲಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತ. ಕಣ್ಣು ಗೋಡೆಗೆ ಹೋಯಿತು. ಶಾಲು ಮೂಗಿನಿಂದ ಜಾರಿತು.

"ಅಯ್ಯೋ, ಯಮ್ಮನೆ ಅಜ್ಜ ಅಲ್ದ ಇದು!"

ಅಜ್ಜನ ಮಡಿಲಲ್ಲೇ ಬೆಳೆದವನು, ಆದರೆ ಅಜ್ಜನ ಒಂದು ಚಿತ್ರವೂ ಅವನ ಮನೆಯಲ್ಲಿರಲಿಲ್ಲ. ಖುಷಿಯಲ್ಲಿ ಒಳಗೇ ನುಗ್ಗಿದ. ಹತ್ತಿರದಿಂದ ನೋಡಿದವನ ಹುಬ್ಬು ಮೇಲೇರಿತು.

"ಇದೆಂತದು ಬೊಮ್ಮಯ್ಯ? ಅಜ್ಜನ ಜನಿವಾರ ಬಲಹೆಗಲ ಮೇಲುಂಟಲ್ಲ! ಹೀಗೆ ಹಾಕೋದು ತಿಥಿ ಮಾಡುವಾಗ ಮಾತ್ರ. ಹೊಳೆಪೂಜೆಗೆ ಎಡಹೆಗಲಿಂದಲೇ ಇಳೀಬೇಕು."

"ಅವತ್ತು ತಿಥಿನೂ ಇತ್ತೋ ಏನೋ ಭಟ್ರೆ," ಎಂದ ಬೊಮ್ಮಯ್ಯ, ಸುಮ್ಮನಿರಲಾರದೆ.

"ತಿಥಿ ಬಿಟ್ಟು ಮೀನು ಹಿಡಿಯೋ ಜಾಗಕ್ಕೆ ಬಂದು ನಿಲ್ತಿದ್ರಾ? ಹುಚ್ಚು ಗಿಚ್ಚು ಹಿಡಿದದ್ಯಾ ನಿಂಗೆ!"

ಜಗುಲಿಯಲ್ಲಿ ಸೋಮಿಯ ಕೈಯಿಂದ ಕತ್ತಿ ಜಾರಿತು. ಅವಳು ಎದ್ದು ನಿಂತಳು. "ಏ ತಮಾ, ಭಟ್ರ ದಾರ ಆಚೆ ಬದಿಗೆ ಹೋಗ್ಯದೆ ಅಂದ್ರೆ, ನಮ್ಮ ಬಂಡೇನೂ ಆಚೆ ಬದಿಗೆ ಹೋಗ್ಯದೆ! ತೆಗಿ ಆ ಕಿಟಕಿ ಗಾಜ್ನ!"

ಬೊಮ್ಮಯ್ಯ ಮೊಳೆ ಕಿತ್ತು ನನ್ನನ್ನು ಕೆಳಗಿಳಿಸಿದ. ಮಸಿ ಒರೆಸಿ ಬೆಳಕಿಗೆ ಹಿಡಿದರು. ಒಂದು ಕಡೆಯಿಂದ ನೋಡಿದರೆ ಗೋಡೆಯ ಚಿತ್ರದಂತೆಯೇ. ತಿರುಗಿಸಿದರು. ಜನಿವಾರ ಎಡಹೆಗಲಿಗೆ ಬಂತು, ಬಂಡೆ ಬೇಣದಕೇರಿಗೆ ಹೋಯಿತು. ಮೊದಲು ನಕ್ಕವನು ಬೊಮ್ಮಯ್ಯನೇ. ಹೊಟ್ಟೆ ಹಿಡಿದುಕೊಂಡು ನಕ್ಕ. "ಸೋತೆ ಅಜ್ಜಿ, ಸೋತೆ! ಇಷ್ಟು ವರ್ಷ ನಿನ್ನ ಸುಳ್ಳುಗಾತಿ ಮಾಡ್ದೆ ನೋಡು," ಎಂದು ಅವಳ ಕಾಲು ಮುಟ್ಟಿದ. ಸೋಮಿ ಬಾಯಿ ತುಂಬ ಬೈದಳು, ಕಣ್ಣು ತುಂಬ ಅತ್ತಳು. ನನಗೂ ಅಳು ಬಂದಿರಬೇಕು. ಮಳೆಹನಿಯೆಂದು ಯಾರೋ ಒರೆಸಿದರು.

ಶ್ರೀಧರ ಭಟ್ಟ ಕಾಯಿಯನ್ನು ಕಂಕುಳಲ್ಲಿಟ್ಟು ಸೇತುವೆಯ ಮೇಲೆ ಓಡಿದ. "ಬರ್ರೋ! ಬಂಡೆ ನಿಮ್ದೇ ಅಂತೆ, ಕೂಳಿ ತಕಂಡು ಬರ್ರೋ!" ಬೇಣದಕೇರಿಯವರು ಮೊದಲು ನಂಬಲಿಲ್ಲ. ನಂಬಿದ ಮೇಲೆ ಅಟ್ಟದ ಮೇಲೆ ಧೂಳು ಹಿಡಿದಿದ್ದ ಕೂಳಿಗಳನ್ನೆಲ್ಲ ಇಳಿಸಿಕೊಂಡು, ಮಳೆಯಲ್ಲೇ ಕುಣಿಯುತ್ತ ಬಂದರು. ಬೊಮ್ಮಯ್ಯ ನನ್ನನ್ನು ಎದೆಗವಚಿಕೊಂಡು ದಡಕ್ಕೆ ತಂದ.

ಬೀರಾ ಗೌಡ ಅತ್ತೆಯ ಮುಂದೆ ಬಂದು ನಿಂತ. ತನ್ನ ಕೂಳಿಯನ್ನು ಅವಳ ಕೈಗಿಟ್ಟ. "ಕೇರಿದು ಮೊದಲ ಕೂಳಿ ನೀನೇ ಹಾಕೆ ಅತ್ತೆ."

ಶ್ರೀಧರ ಭಟ್ಟ ಹೊಳೆಗೆ ಕಾಯಿ ಒಡೆದ. ಸೋಮಿ ಮೊಣಕಾಲ ನೀರಿಗಿಳಿದು ಕೂಳಿ ಊರಿದಳು. ಮೇಲಿನಿಂದ ಕೈ ಹಾಕಿ ತಡಕಿದಳು. ಹೊರಗೆ ಬಂದದ್ದು ಒಂದು ಪುಟಾಣಿ ಏಡಿ, ಅದೂ ಅವಳ ಬೆರಳು ಕಚ್ಚಿ ಹಿಡಿದು. ಆ ನಗೆಯ ಸದ್ದಿಗೆ ಅಬ್ಬಿಯ ಸದ್ದೂ ಕೇಳಿಸಲಿಲ್ಲ. ಆಮೇಲೆ ಎರಡು ಕೇರಿಯವರೂ ಒಟ್ಟಿಗೇ ಮಡುವಿಗೆ ಬಿದ್ದರು. ಶ್ರೀಧರ ಭಟ್ಟ ಮೂಗು ಮುಚ್ಚಲು ಮರೆತು ದಡದಲ್ಲಿ ನಿಂತು ಚಪ್ಪಾಳೆ ಹೊಡೆಯುತ್ತಿದ್ದ.

ಈಗ ನಾನು ಮುದುಕ. ಅಂಚಿನಲ್ಲಿ ಲೇಪ ಸಿಪ್ಪೆ ಏಳುತ್ತಿದೆ. ಶ್ರೀಧರ ಭಟ್ಟ ಸರಿಯಾದ ಮೈಯಿಂದ ಹೊಸ ಫೋಟೋಗಳನ್ನು ಮಾಡಿಸಿ ಎರಡು ಕೇರಿಗೂ ಕೊಟ್ಟಿದ್ದಾನೆ, ತನ್ನ ಮನೆಗೂ ಒಂದು. ನನ್ನನ್ನು ಮತ್ತೆ ಕಿಟಕಿಯಲ್ಲೇ ಕೂರಿಸಿದ್ದಾರೆ. ಬೇರೆ ಕಡೆ ಇಡುತ್ತೇವೆ ಎಂದಾಗ ಸೋಮಿಯೇ ಬಿಡಲಿಲ್ಲ.

ಮೀನುಬೇಟೆಯ ಆ ಸಂಜೆ ಎಲ್ಲರೂ ಊಟಕ್ಕೆ ಕುಳಿತ ಮೇಲೆ ಅವಳು ನನ್ನ ಹತ್ತಿರ ಬಂದಿದ್ದಳು. ನೆನೆದ ಬಿಳಿ ಕೂದಲನ್ನು ಒಣಗಲೆಂದು ಬೆನ್ನ ಮೇಲೆ ಹರಡಿಕೊಂಡಿದ್ದಳು. ಬಂಡೆಯ ಮೇಲಿನ ಹುಡುಗಿಯನ್ನು ಬಹಳ ಹೊತ್ತು ನೋಡಿದಳು. ನನ್ನಲ್ಲಿ ಆ ಹುಡುಗಿಯ ಕೂದಲು ಮೊದಲ ದಿನದಿಂದಲೂ ಬಿಳಿಯೇ.

"ಬೊಮ್ಮಯ್ಯಾ, ಬಾ ಇಲ್ಲಿ," ಎಂದು ಕರೆದಳು. "ನೋಡು, ಈ ಹುಡ್ಗಿ ಈಗಿನ ನನ್ನ ಹಾಂಗೇ ಅದೆ."

ಬಂಡೆಯ ಮೇಲೆ ನಕ್ಕಂತೆಯೇ ನಕ್ಕಳು.